ಮಾಗಲಿಕ್ಕೆ ಇಟ್ಟ ತಂಬಾಕು

ರಾಮಲಿಂಗಪ್ಪನ ಫೋನು ಬಂದಾಗ ಮಾರ್ತಾಂಡ ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯಿಂದ ಕಂಪನಿ ಬಸ್ಸಿನಲ್ಲಿ ಮನೆಗೆ ಮರಳುತ್ತಿದ್ದ.

"ಲೇ ಮಾರ್ತಾಂಡ, ನಿನ್ನೆ ಹಾರಾ ಹಾಕಿ ಕಳಿಸಿಬಿಟ್ರು ನೋಡು. ಇನ್ನ ನಾ ರಿಟೈರ್ ಆದ ಮನಷ್ಯಾ," ಎಂದು ರಾಮಲಿಂಗಪ್ಪ ದೊಡ್ಡದಾಗಿ ನಕ್ಕ. "ರವಿವಾರ ನಾನೂ ಇಕಿನೂ ನಿಮ್ಮನಿಗೆ ಬರ್ತೀವಿ. ನನ್ನ ಭರಣಿ ತಗದಿಡು. ತಗಿಯೂ ದಿನಾ ಬಂತು."

"ಬರ್ರಿ ಅಣ್ಣಾ, ಬರ್ರಿ," ಎಂದ ಮಾರ್ತಾಂಡ. ಫೋನು ಜೇಬಿಗೆ ಹಾಕಿದ. ಆ ಭರಣಿಯ ತಳದಲ್ಲಿ ಒಂದು ಚಿಟಿಕೆ ತಂಬಾಕಿನ ಪುಡಿ ಬಿಟ್ಟರೆ ಏನೂ ಉಳಿದಿರಲಿಲ್ಲ.

ರಾಮಲಿಂಗಪ್ಪ ನಿಪ್ಪಾಣಿಯವನು. ಅವನ ತಂದೆ ಅಲ್ಲಿನ ತಂಬಾಕಿನ ವಖಾರಿಯಲ್ಲಿ ಗುಮಾಸ್ತರಾಗಿದ್ದರಿಂದ ಎಲೆಯ ವಾಸನೆಯಲ್ಲೇ ಬೆಳೆದ ಹುಡುಗ. ಓದಿ ಎಂಜಿನಿಯರಾಗಿ ಚಿಂಚವಾಡದ ಕಾರ್ಖಾನೆಗೆ ಸೇರಿದ. ಧಾರವಾಡದಿಂದ ಮಾರ್ತಾಂಡ ಅದೇ ಕಾರ್ಖಾನೆಗೆ ಹೊಸದಾಗಿ ಬಂದಾಗ, ಇರಲು ಖೋಲಿ ಹುಡುಕಿಕೊಟ್ಟವನು, ಊಟಕ್ಕೆ ಮನೆಗೆ ಕರೆದವನು, ಕೆಲಸ ಕಲಿಸಿದವನು ಅವನೇ. ಮುಂದೆ ಮಾರ್ತಾಂಡ ಬೇರೆ ಕಂಪನಿಗೆ ಹೋದ, ಮಗರಪಟ್ಟಾದಲ್ಲಿ ಫ್ಲ್ಯಾಟು ಕೊಂಡ. ಆದರೂ ರಾಮಲಿಂಗಪ್ಪ ಅವನಿಗೆ ಅಣ್ಣನಾಗಿಯೇ ಉಳಿದ. ಪೈಪು ಸೇದುವುದನ್ನು ಕಲಿಸಿದವನೂ ಅವನೇ.

ಕೆಲವು ವರ್ಷಗಳ ಹಿಂದೆ ರಾಮಲಿಂಗಪ್ಪನ ಭಾವಮೈದುನ ವಿದೇಶದಿಂದ ಒಂದೇ ಥರದ ಎರಡು ಡಬ್ಬಿ ತಂಬಾಕು ತಂದುಕೊಟ್ಟಿದ್ದ. ವರ್ಜೀನಿಯಾ ಮತ್ತು ಕೆಂಟಕಿ ಎಲೆಗಳನ್ನು ಸೇರಿಸಿ, ಒಂದಿಷ್ಟು ರಮ್ ಮುಟ್ಟಿಸಿ, ತೆಳ್ಳಗಿನ ಹಾಳೆಗಳಂತೆ ಒತ್ತಿದ ತಂಬಾಕು. ರಾಮಲಿಂಗಪ್ಪ ಒಂದು ಪೈಪು ಸೇದಿ ನೋಡಿ ತಲೆಯಾಡಿಸಿದ.

"ಇದು ಇನ್ನೂ ಹಸೀ ಐತಿ. ವರ್ಜೀನಿಯಾದಾಗ ಸಿಹಿ ಇರತೈತಿ, ವರ್ಷ ಹೋದಂಗ ಅದು ಮಾಗತೈತಿ. ಕೆಂಟಕಿ ಎಲಿ ಬೆಂಕಿ ಹೊಗಿಯೊಳಗ ಒಣಗಿಸಿದ್ದು, ಅದರ ಖಾರ ಮೆತ್ತಗ ಆಗಬೇಕು. ಕಡೀಕ ಯಾವದು ರಮ್ಮು, ಯಾವದು ಎಲಿ ಅಂತ ಗೊತ್ತಾಗಬಾರದು. ನಾ ರಿಟೈರ್ ಆದಮ್ಯಾಲೆ ತಗಿಯೋಣಂತ."

ಇಬ್ಬರೂ ಎರಡು ಗಾಜಿನ ಭರಣಿಗಳನ್ನು ಕುದಿಸಿ, ಬಿಸಿಲಿಗೆ ಒಣಗಿಸಿ, ತಂಬಾಕು ತುಂಬಿ ಮುಚ್ಚಳ ಬಿಗಿದರು. ತಲೆಗೊಂದು ಭರಣಿ. ರಾಮಲಿಂಗಪ್ಪನದು ಅವನ ಹೆಂಡತಿ ಶಿವಬಸವ್ವನ ಕಪಾಟಿನಲ್ಲಿ, ಸೀರೆಗಳ ನಡುವೆ ಕತ್ತಲಲ್ಲಿ ಕುಳಿತಿತ್ತು. ಮಗಳು ರೇಣು ಬಸುರಿಯಾಗಿ ತವರಿಗೆ ಬಂದಾಗ ಆ ವಾಸನೆಗೆ ಅವಳಿಗೆ ಹೊಟ್ಟೆ ತೊಳಸತೊಡಗಿತು. ಆಗ ರಾಮಲಿಂಗಪ್ಪ ಭರಣಿಯನ್ನು ಮಾರ್ತಾಂಡನ ಮನೆಗೆ ತಂದಿಟ್ಟ.

ಆಮೇಲೆ ಕೊರೊನಾ ಬಂತು. ರಾಮಲಿಂಗಪ್ಪ ಬದುಕಿದ, ಆದರೆ ಅವನ ಮೂಗು ಹೋಯಿತು. ಎಲ್ಲರಿಗೂ ಮರಳಿ ಬಂದ ವಾಸನೆ ಅವನಿಗೆ ಬರಲೇ ಇಲ್ಲ. ಚಹಾ ಬರಿಯ ಬಿಸಿನೀರಾಯಿತು, ಪೈಪು ಬರಿಯ ಹೊಗೆಯಾಯಿತು. ಅವನು ಪೈಪು ಬಿಟ್ಟ. ಭರಣಿಯ ಆಸೆ ಮಾತ್ರ ಬಿಡಲಿಲ್ಲ.

"ಮೂಗು ಬಂದರ ಬಂತು. ಬರದಿದ್ರ ನೀ ಸೇದಿ ನನಗ ಹೇಳು," ಎನ್ನುತ್ತಿದ್ದ. "ನಿನ್ನ ಬಾಯಾಗ ಮಾತು ಚಲೋ ಬರ್ತಾವ. ನೀ ಹೇಳಿದ್ರ ನನಗ ಸೇದಿದಂಗ."

ಮಾರ್ತಾಂಡನ ಬಾಯಲ್ಲಿ ಮಾತು ಚೆನ್ನಾಗಿ ಬರುತ್ತಿದ್ದುದು ನಿಜ. ತೊಂದರೆ ಅಲ್ಲಿಂದಲೇ ಶುರುವಾಯಿತು. ಅವನದೇ ಕಟ್ಟಡಕ್ಕೆ ವಿಕ್ರಮ ಎಂಬ ಬೆಂಗಳೂರಿನ ತರುಣ ಬಾಡಿಗೆಗೆ ಬಂದಿದ್ದ. ಐಟಿ ಕೆಲಸದವನು, ಹೊಸದಾಗಿ ಪೈಪು ಹಿಡಿದವನು. ಒಂದು ಸಂಜೆ ತನ್ನ ಬಾಲ್ಕನಿಯಲ್ಲಿ ಕುಳಿತು, ತಂಬಾಕನ್ನು ಮಾಗಿಸುವುದು ಹೇಗೆಂದು ಮಾರ್ತಾಂಡ ವಿವರಿಸುತ್ತಿದ್ದಾಗ ವಿಕ್ರಮ ಕಣ್ಣರಳಿಸಿ, "ಸಾರ್, ನಿಮ್ಮ ಹತ್ರ ಅಂಥದ್ದು ಇದೆಯಾ?" ಎಂದು ಕೇಳಿದ. ಮಾರ್ತಾಂಡನ ಸ್ವಂತ ಭರಣಿ ಖಾಲಿಯಾಗಿ ಎಷ್ಟೋ ಕಾಲವಾಗಿತ್ತು. ಕಾಯುವ ತಾಳ್ಮೆ ಅವನಿಗೆ ಇರಲಿಲ್ಲ. ಇಲ್ಲ ಎನ್ನಬೇಕಿತ್ತು. ಅವನು ಒಳಗೆ ಹೋಗಿ ರಾಮಲಿಂಗಪ್ಪನ ಭರಣಿ ತಂದ.

"ನಂದೇ. ನಾನೇ ಇಟ್ಟದ್ದು," ಎಂದ.

ಒಂದೇ ಹಾಳೆ ಎಂದುಕೊಂಡ. ಹಣ್ಣಾದ ಅಂಜೂರ, ಸುಟ್ಟ ಸಕ್ಕರೆ, ಆಮೇಲೆ ಗಂಟಲಲ್ಲಿ ಒಲೆಯ ಬಿಸಿ ಎಂದೆಲ್ಲ ವರ್ಣಿಸಿದ. "ನೀವು ಹೇಳಿದ ಮೇಲೆ ನಂಗೂ ಅಂಜೂರ ಸಿಕ್ತು ಸಾರ್!" ಎಂದ ವಿಕ್ರಮ. ಆ ಮಾತು ಮಾರ್ತಾಂಡನ ತಲೆಗೇರಿತು. ವಿಕ್ರಮ ಮುಂದಿನ ಸಲ ಗೆಳೆಯರನ್ನು ಕರೆತಂದ. ಮತ್ತೊಂದು ಸಲ ಅವರು ತಮ್ಮವರನ್ನು ಕರೆತಂದರು. ಪ್ರತಿ ಸಲವೂ ಮಾರ್ತಾಂಡ ಇದೇ ಕಡೆಯದು ಎಂದುಕೊಂಡ. ಕಡೆಗೆ ಉಳಿದಿದ್ದಷ್ಟನ್ನು ಒಬ್ಬನೇ ಕುಳಿತು, ತಪ್ಪಿನ ಗುರುತು ಅಳಿಸುವವನಂತೆ ಸೇದಿ ಮುಗಿಸಿದ.

ಈಗ ಅಣ್ಣ ಬರುವವನಿದ್ದ. ಫೋನು ಮಾಡಿ ಹೇಳಿಬಿಡಬೇಕೆಂದು ಮಾರ್ತಾಂಡ ಎರಡು ದಿನ ಒದ್ದಾಡಿದ. ಹೇಳಲಾಗಲಿಲ್ಲ. ಶನಿವಾರ ರಜೆ ಹಾಕಿ ಕ್ಯಾಂಪಿನ ಪೇಟೆಗೆ ಹೋಗಿ ಸಾದಾ ಪೈಪಿನ ತಂಬಾಕು ಮತ್ತು ಒಂದು ಬಾಟಲಿ ರಮ್ ತಂದ. ತಂಬಾಕಿಗೆ ರಮ್ ಚಿಮುಕಿಸಿ, ಎರಡು ಹಲಗೆಗಳ ನಡುವೆ ಇಟ್ಟು ವೈಸಿನ ಇಕ್ಕಳದಲ್ಲಿ ಬಿಗಿದ. ಗಟ್ಟಿಯಾದದ್ದನ್ನು ಚಾಕುವಿನಿಂದ ಹಾಳೆಯಾಗಿ ಕೊಯ್ದು ತವೆಯ ಮೇಲೆ ಬೆಚ್ಚಗೆ ಮಾಡಿದ.

ಹೆಂಡತಿ ನೀರಜಾ ಬಂದು ಮೂಗು ಮುಚ್ಚಿಕೊಂಡು, "ಇದೇನ್ರೀ, ಏನ್ ಮಾಡ್ಲಿಕತ್ತೀರಿ?" ಎಂದಳು.

"ಅಣ್ಣಂದು ತಂಬಾಕು ಸ್ವಲ್ಪ ಆರಿತ್ತು. ಹದಾ ಮಾಡ್ಲಿಕತ್ತೀನಿ."

ಅವಳು ನಂಬಿದಳು. ಇಷ್ಟು ಸಲೀಸಾಗಿ ಅವಳು ನಂಬಿದ್ದು ಅವನಿಗೆ ಚುಚ್ಚಿತು. ಆದರೂ ಕೈ ನಿಲ್ಲಲಿಲ್ಲ; ಹಾಳೆಗಳನ್ನೆಲ್ಲ ಅಣ್ಣನ ಭರಣಿಗೆ ತುಂಬಿ ಮುಚ್ಚಳ ಬಿಗಿದ.

ರವಿವಾರ ರಾಮಲಿಂಗಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆಗೆ ಬಂದವನಂತೆ ಬಂದ. ಜೊತೆಗೆ ಶಿವಬಸವ್ವ, ಕೈಯಲ್ಲಿ ಕರದಂಟಿನ ಪೊಟ್ಟಣ. ಚಹಾ ಆಯಿತು. ರಾಮಲಿಂಗಪ್ಪ ಜೇಬಿನಿಂದ ತನ್ನ ಹಳೆಯ ಪೈಪು ತೆಗೆದು ಕರವಸ್ತ್ರದಿಂದ ಒರೆಸಿ ಮಾರ್ತಾಂಡನ ಕೈಗಿತ್ತ.

"ಇದರಾಗ ಸೇದು. ನಾ ಸೇದಿದಂಗ ಆಗಲಿ."

ಮಾರ್ತಾಂಡ ಪೈಪು ತುಂಬಿ ಕಡ್ಡಿ ಗೀರಿದ. ಹಸಿ ರಮ್ಮಿನ ಘಾಟು ಮೂಗಿಗೆ ಬಡಿಯಿತು. ನಾಲಿಗೆ ಚುರುಗುಟ್ಟಿತು. ಎದುರಿಗೆ ರಾಮಲಿಂಗಪ್ಪ ಕಣ್ಣು ಮುಚ್ಚಿ, ಮುಖ ಸ್ವಲ್ಪ ಮೇಲೆತ್ತಿ, ಪ್ರಸಾದಕ್ಕೆ ಕಾಯುವವನಂತೆ ಕುಳಿತಿದ್ದ.

"ಹೇಳು. ಹೆಂಗೈತಿ?"

"ಮೊದಲ ಸಿಹಿ ಬರ್ತದ ಅಣ್ಣಾ," ಎಂದ ಮಾರ್ತಾಂಡ. "ಹಣ್ಣಾದ ಅಂಜೂರದ ಸಿಹಿ. ಆಮ್ಯಾಲೆ ಸುಟ್ಟ ಸಕ್ಕರಿ. ಕೆಂಟಕಿ ಖಾರ ಅನಸೂದಿಲ್ಲ, ಗಂಟಲದಾಗ ಬೆಚ್ಚಗ ಇಳೀತದ."

"ರಮ್ಮು?"

"ಎಲ್ಲಿ ಅದ ಅಂತ ಗೊತ್ತಾಗೂದಿಲ್ರಿ. ಎಲಿಯೊಳಗ ಕೂಡಿಬಿಟ್ಟದ."

ವಿಕ್ರಮನ ಮುಂದೆ ಆಡಿದ ಮಾತುಗಳೇ. ಹೊಸ ಸುಳ್ಳು ಕಟ್ಟುವ ಶ್ರಮವೂ ಅವನಿಗೆ ಬೇಕಾಗಲಿಲ್ಲ. ರಾಮಲಿಂಗಪ್ಪನ ಮುಚ್ಚಿದ ಕಣ್ಣಂಚಿನಲ್ಲಿ ನೀರು ಕೂಡಿತು. "ಹಂಗಾರ ಮಾಗೇತಿ," ಎಂದು ನಕ್ಕ. "ನಮ್ಮಪ್ಪ ಇರಬೇಕಾಗಿತ್ತು."

ಶಿವಬಸವ್ವ ತಟ್ಟೆ ಎತ್ತಲು ಬಂದವಳು ಮೇಜಿನ ಮೇಲೆ ತೆರೆದಿದ್ದ ಭರಣಿಯ ಹತ್ತಿರ ಬಗ್ಗಿದಳು. ಅವಳ ಕೈ ಅಲ್ಲೇ ನಿಂತಿತು. ಮಾರ್ತಾಂಡನನ್ನು ಒಮ್ಮೆ ನೋಡಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹೊರಡುವಾಗ ರಾಮಲಿಂಗಪ್ಪ ಭರಣಿಯನ್ನು ಎದೆಗವಚಿಕೊಂಡು ಲಿಫ್ಟಿನ ಕಡೆ ನಡೆದ. ನೀರಜಾ ಅವನ ಜೊತೆ ಹೋದಳು. ಶಿವಬಸವ್ವ ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ಹಿಂದೆ ಉಳಿದಳು.

"ಮಾರ್ತಾಂಡ್ರೀ, ಆ ಭರಣಿ ನನ್ನ ಸೀರಿ ನಡಕ ಇತ್ರಿ. ಅದರ ವಾಸನಿ ನನಗ ಗೊತ್ತೈತ್ರಿ. ಬೆಲ್ಲದ ಪಾಕದಂಗ, ಸುಟ್ಟ ಕಟಗಿಯಂಗ. ಇದು ದಾರೂ ಅಂಗಡಿ ವಾಸನಿ."

ಮಾರ್ತಾಂಡನಿಗೆ ತಲೆ ಎತ್ತಲಾಗಲಿಲ್ಲ. "ವೈನಿ, ನಾ ಅಣ್ಣಗ ಹೇಳ್ತೀನ್ರಿ. ಈಗ ಹೇಳ್ತೀನಿ."

"ಬ್ಯಾಡ್ರಿ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಭಾಳ ದಿನದ ಮ್ಯಾಲೆ ಇವತ್ತ ನಕ್ಕಾರ. ನಿಮ್ಮ ಮನಸ್ಸು ಹಗರ ಮಾಡಿಕೊಳ್ಳಾಕ ಅವರ ನಗೀ ಕಸಗೋಬ್ಯಾಡ್ರಿ."

ಹೀಗೆ ಅವನಿಗೆ ತಪ್ಪೊಪ್ಪಿಕೊಳ್ಳುವ ದಾರಿಯೂ ಮುಚ್ಚಿತು. ಆ ವಾರವಿಡೀ ಅವನು ಪೈಪು ಮುಟ್ಟಲಿಲ್ಲ. ವಿಕ್ರಮ ಲಿಫ್ಟಿನಲ್ಲಿ ಸಿಕ್ಕು, "ಸಾರ್, ಈ ಭಾನುವಾರ?" ಎಂದಾಗ ಮೈ ಚೆನ್ನಾಗಿಲ್ಲವೆಂದು ತಪ್ಪಿಸಿಕೊಂಡ. ರಾಮಲಿಂಗಪ್ಪ ದಿನಕ್ಕೊಮ್ಮೆ ಫೋನು ಮಾಡಿ, "ಅದೇನಂದಿ, ಅಂಜೂರ, ಆಮ್ಯಾಲೆ?" ಎಂದು ಕೇಳಿ ಮತ್ತೆ ಹೇಳಿಸಿಕೊಳ್ಳುತ್ತಿದ್ದ. ಮಾರ್ತಾಂಡ ಪ್ರತಿ ಸಲವೂ ಹೇಳಿದ. ಹೇಳಿ ಮುಗಿಸಿದ ಮೇಲೆ ಬಾತ್‌ರೂಮಿಗೆ ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದ.

ಮತ್ತೆ ಫೋನು ಬಂದದ್ದು ಶಿವಬಸವ್ವನಿಂದ.

"ಒಮ್ಮೆ ಬಂದು ಹೋಗ್ರಿ. ಹೇಳಬ್ಯಾಡ್ರಿ ಅಂತ ನಾನ ಅಂದಿದ್ದೆ. ನನ್ನ ಲೆಕ್ಕಾ ತಪ್ಪಿತು."

ನಡೆದದ್ದಿಷ್ಟು. ರಾಮಲಿಂಗಪ್ಪ ತನ್ನ ಜೊತೆ ಕೆಲಸ ಮಾಡಿದ ಚಂದ್ರಪ್ಪನನ್ನೂ ಮತ್ತಿಬ್ಬರು ಗೆಳೆಯರನ್ನೂ ಮನೆಗೆ ಕರೆದಿದ್ದ. ಭರಣಿ ಮುಂದಿಟ್ಟು, ಮಾರ್ತಾಂಡನ ಮಾತುಗಳನ್ನೇ ತನ್ನವೆಂಬಂತೆ, ಒಂದೂ ಬಿಡದೆ ಹೇಳಿದ್ದ. ಚಂದ್ರಪ್ಪ ಪೈಪು ಹಚ್ಚಿ ಎರಡು ಸಲ ಎಳೆದವನು ಕೆಮ್ಮಿ ಕೆಮ್ಮಿ ನಕ್ಕ. "ಎಲ್ಲಿ ಅಂಜೂರೋ ಮಾರಾಯಾ! ಯಾರೋ ಸಾದಾ ತಂಬಾಕಿಗೆ ದಾರೂ ಸುರುವ್ಯಾರ. ಮೂಗಿಲ್ಲಂತ ನಿನಗ ಟೊಪ್ಪಿಗಿ ಹಾಕ್ಯಾರ." ಉಳಿದವರೂ ನಕ್ಕರು. ಎಲ್ಲರೂ ಹೋದಮೇಲೆ ರಾಮಲಿಂಗಪ್ಪ ಊಟ ಮಾಡದೆ ಮಲಗಿದ.

ಮಾರ್ತಾಂಡ ಫೋನು ಬಂದ ದಿನವೇ ಲೋಕಲ್ ರೈಲು ಹಿಡಿದು ಚಿಂಚವಾಡಕ್ಕೆ ಹೋದ. ರಾಮಲಿಂಗಪ್ಪ ಬಾಲ್ಕನಿಯಲ್ಲಿ ಭರಣಿಯ ಮುಚ್ಚಳ ಹಿಡಿದು, ಅದರ ರಬ್ಬರನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ.

"ಬಾ, ಕೂಡ್ರು," ಎಂದ. "ನಾನ ಮುಚ್ಚಳ ಸರಿ ಬಿಗಿದಿರಲಿಲ್ಲೇನೋ. ಗಾಳಿ ಹೊಕ್ಕು ಕೆಟ್ಟೈತಿ."

ಮಾರ್ತಾಂಡ ಎದುರಿನ ಕುರ್ಚಿಯ ಅಂಚಿನಲ್ಲಿ ಕುಳಿತ.

"ನೀ ಮೊದಲನೇ ಎಳತಕ್ಕ ಕಂಡುಕೊಂಡಿರಬೇಕು. ಮುದಕಗ ಬ್ಯಾಸರ ಆಗಬಾರದಂತ ಚಲೋ ಐತಿ ಅಂದಿ. ನಿಂದೇನು ತಪ್ಪಿಲ್ಲ. ನಾನ ಹುಚ್ಚ, ನಾಲ್ಕ ಮಂದಿ ಮುಂದ ಹೇಳಿಕೋತ ಹೋದೆ."

ಅಡುಗೆಮನೆಯ ಬಾಗಿಲಲ್ಲಿ ಶಿವಬಸವ್ವ ನಿಂತಿದ್ದಳು. ಅವಳು ಏನೂ ಹೇಳುವವಳಲ್ಲ ಎಂದು ಮಾರ್ತಾಂಡನಿಗೆ ಗೊತ್ತಿತ್ತು. ಹೌದು ಅಣ್ಣಾ ಎಂದರೆ ಸಾಕಿತ್ತು. ಅವನು ಒಳ್ಳೆಯವನಾಗಿಯೇ ಉಳಿಯುತ್ತಿದ್ದ. ಅಣ್ಣ ತಾನೇ ಬಾಗಿಲು ತೆರೆದು ಹೋಗು ಎಂದಂತಿತ್ತು. ಆ ಬಾಗಿಲ ಮುಂದೆ ಒಂದು ಗಳಿಗೆ ನಿಂತೆನಲ್ಲ ಎಂಬ ನಾಚಿಕೆ ಮುಂದೆಯೂ ಅವನನ್ನು ಬಿಡಲಿಲ್ಲ.

"ತಂಬಾಕು ಕೆಟ್ಟಿರಲಿಲ್ಲ ಅಣ್ಣಾ," ಎಂದ. "ನಾ ಸೇದಿಬಿಟ್ಟೆ. ನಿಮ್ಮ ಭರಣಿ ಪೂರಾ ನಾನ ಖಾಲಿ ಮಾಡಿದೆ. ಇದು ನಾ ಕ್ಯಾಂಪಿನಿಂದ ತಂದು ರಮ್ ಹಾಕಿ ಮಾಡಿದ್ದು."

ರಾಮಲಿಂಗಪ್ಪ ಮುಚ್ಚಳವನ್ನು ನಿಧಾನವಾಗಿ ಕೆಳಗಿಟ್ಟ. ರಸ್ತೆಯಲ್ಲಿ ಶಿಫ್ಟು ಮುಗಿಸಿದವರ ಬೈಕುಗಳು ಹೋಗುತ್ತಿದ್ದವು. ಅವನು ಅವನ್ನೇ ನೋಡಿದ.

"ಸೇದಿದ್ದಕ್ಕ ನನಗ ಸಿಟ್ಟಿಲ್ಲ," ಎಂದ ಕಡೆಗೆ. "ಸೇದೀನಿ ಅಂದಿದ್ರ ನಾಲ್ಕ ಬೈದು ನಕ್ಕುಬಿಡ್ತಿದ್ದೆ. ಆದ್ರ ಮಾರ್ತಾಂಡ, ನನ್ನ ಮೂಗು ಹೋಗೇತಂತ ನಿನ್ನ ಬಾಯಿ ನಂಬಿದ್ದೆ. ಏನು ಕೊಟ್ರೂ ಮುದಕ ನುಂಗತಾನಂತ ನೀ ತಿಳಕೊಂಡೆಲ್ಲೋ."

ರಾಮಲಿಂಗಪ್ಪ ಅವನ ಕಡೆ ತಿರುಗಿ ಕುಳಿತ.

"ಹೋಗಲಿ. ಈಗ ಖರೇ ಹೇಳು. ನಂದು ಸೇದಿದಿಯಲ್ಲಾ, ಅದು ಹೆಂಗಿತ್ತು?"

ಆ ಪ್ರಶ್ನೆಯಲ್ಲಿ ಇನ್ನೂ ಆಸೆಯಿತ್ತು. ಮಾರ್ತಾಂಡ ನೆನಪಿಸಿಕೊಳ್ಳಲು ನೋಡಿದ. ಅಂಜೂರ ಎಂಬ ಪದ ಬಂತು, ಸುಟ್ಟ ಸಕ್ಕರೆ ಎಂಬ ಪದ ಬಂತು. ರುಚಿ ಬರಲಿಲ್ಲ. ನೆನಪಿಗೆ ಬಂದದ್ದು ವಿಕ್ರಮನ ಅರಳಿದ ಕಣ್ಣುಗಳು, ಸುತ್ತ ಕುಳಿತು ತಲೆದೂಗುತ್ತಿದ್ದ ಹುಡುಗರು.

"ಗೊತ್ತಿಲ್ರಿ ಅಣ್ಣಾ," ಎಂದ. "ಮಂದಿ ಮುಂದ ಸೇದಿದೆ. ಅವರ ಮಾರಿ ನೋಡಿಕೋತ ಕೂತಿದ್ದೆ, ರುಚಿ ನೋಡಲಿಲ್ಲ. ಒಬ್ಬನ ಸೇದಿದಾಗ ಹೆದರಿಕಿಯೊಳಗ ಸೇದಿದೆ. ನಿಮಗ ಹೇಳಲಿಕ್ಕೆ ನನ್ನ ಹತ್ರ ಏನೂ ಇಲ್ಲ."

ರಾಮಲಿಂಗಪ್ಪ ಅವನನ್ನು ನೋಡಿದ. ಅಂದು ನಗೆಪಾಟಲಾದಾಗಲೂ ಇಷ್ಟು ನೋವು ಆ ಮುಖದಲ್ಲಿ ಇದ್ದಿರಲಾರದು. "ಹಂಗಾರ ಅದು ಯಾರಿಗೂ ದಕ್ಕಲಿಲ್ಲ," ಎಂದು ಎದ್ದು ಒಳಗೆ ಹೋದ. ಹೊರಗೆ ಬರಲಿಲ್ಲ. ಶಿವಬಸವ್ವ ನೀರಿನ ಲೋಟ ತಂದಿಟ್ಟಳು. ಮಾರ್ತಾಂಡ ಅದನ್ನು ಕುಡಿದು, ತಾನು ಮಾಡಿದ ತಂಬಾಕನ್ನು ಒಂದು ಕಾಗದದಲ್ಲಿ ಸುರುವಿಕೊಂಡು ಹೊರಟ.

ಮನೆಗೆ ಬಂದು ನೀರಜಾಳಿಗೆ ಎಲ್ಲ ಹೇಳಿದ. ಅವಳು "ನನಗೂ ಸುಳ್ಳು ಹೇಳಿದ್ರಿ," ಎಂದಷ್ಟೇ ಅಂದಳು. ಮರುದಿನ ಮಾರ್ತಾಂಡ ಚಂದ್ರಪ್ಪನಿಗೆ ಫೋನು ಮಾಡಿ ಟೊಪ್ಪಿಗೆ ಹಾಕಿದವನು ನಾನೇ ಎಂದ. ವಿಕ್ರಮನಿಗೂ ಹೇಳಿದ. ಆ ಹುಡುಗ ಮುಜುಗರದಿಂದ "ಅಯ್ಯೋ, ಪರ್ವಾಗಿಲ್ಲ ಸಾರ್," ಎಂದು ಮೊಬೈಲು ನೋಡತೊಡಗಿದ. ಆಮೇಲೆ ಮಾರ್ತಾಂಡನ ಬಾಲ್ಕನಿಗೆ ಯಾರೂ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಮಾರ್ತಾಂಡ, ಕರೆಯದಿದ್ದರೂ, ಮತ್ತೆ ಚಿಂಚವಾಡಕ್ಕೆ ಹೋದ. ರಾಮಲಿಂಗಪ್ಪ ಬಾಗಿಲು ತೆರೆದು, "ಬಾ," ಎಂದ. ಮೊದಲಿನಂತೆ ಲೇ ಎನ್ನಲಿಲ್ಲ. ಪಿಂಚಣಿಯ ಮಾತು, ಮೊಣಕಾಲಿನ ಮಾತು, ರೇಣುವಿನ ಮಗಳ ಶಾಲೆಯ ಮಾತು ಆಯಿತು. ಮಾತು ಮುಗಿದಾಗಲೆಲ್ಲ ಇಬ್ಬರೂ ಟಿವಿ ನೋಡಿದರು. ಏಳುವಾಗ ಮಾರ್ತಾಂಡ, "ಮುಂದಿನ ರವಿವಾರ ಬರಲೇನ್ರಿ?" ಎಂದು ಕೇಳಿದ. ಮೂವತ್ತು ವರ್ಷದಲ್ಲಿ ಆ ಮನೆಗೆ ಬರಲು ಅವನು ಅಪ್ಪಣೆ ಕೇಳಿದ್ದು ಅದೇ ಮೊದಲು.

ರಾಮಲಿಂಗಪ್ಪ ಸ್ವಲ್ಪ ಯೋಚಿಸಿದ.

"ಬಾ," ಎಂದ. "ಬ್ಯಾಡ ಅನ್ನಾಕ ನನಗೂ ಆಗೂದಿಲ್ಲ. ಆದ್ರ ಮೊದಲಿನಂಗ ಆಗಾಕ ಟೈಮ್ ಹಿಡಿತೈತಿ. ಆಗತೈತೋ ಇಲ್ಲೋ, ಅದೂ ಗೊತ್ತಿಲ್ಲ."

"ಹೌದ್ರಿ," ಎಂದ ಮಾರ್ತಾಂಡ. ಮೆಟ್ಟಿಲಿಳಿದು, ತಲೆ ತಗ್ಗಿಸಿಕೊಂಡೇ ಸ್ಟೇಷನ್ನಿನ ಕಡೆ ನಡೆದ.