ಚಲುವ ಸುಮ್ಮನಾದ ಹೊತ್ತು

ಕೊಣನೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೋಹನ್‌ಕುಮಾರನ ಹಿಟ್ಟಿನ ಮಿಲ್ಲು ಇದೆ. ಸೈನ್ಯದಿಂದ ಹವಾಲ್ದಾರನಾಗಿ ನಿವೃತ್ತನಾಗಿ ಬಂದಾಗ ಅವನ ಭಾವಮೈದುನ ಹಾಸನದಲ್ಲಿ ಒಳ್ಳೆಯ ಗಾರ್ಡ್ ಕೆಲಸ ನೋಡಿಟ್ಟಿದ್ದ. ಮೋಹನ ಒಪ್ಪಲಿಲ್ಲ. ಮಿಲ್ಲು ಓಡುವಾಗ ಬೇರೆ ಯಾವ ಸದ್ದೂ ಕಿವಿಗೆ ಬೀಳುವುದಿಲ್ಲ. ಅದಕ್ಕಾಗಿಯೇ ತಾನು ಮಿಲ್ಲು ಹಾಕಿದ್ದು ಎಂದು ಹೆಂಡತಿ ರೂಪಶ್ರೀಗೂ ಅವನು ಹೇಳಿರಲಿಲ್ಲ.

ಆ ಗುರುವಾರ ಹನ್ನೊಂದು ಗಂಟೆಯ ಹೊತ್ತಿಗೆ ಮಿಲ್ಲಿನ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತರು. ಒಬ್ಬಳು ಇಪ್ಪತ್ತರ ಹುಡುಗಿ, ಕೈಯಲ್ಲೊಂದು ಹೊಸ ಪುಸ್ತಕ. ಇನ್ನೊಬ್ಬಳು ಎಪ್ಪತ್ತು ದಾಟಿದ ಮುದುಕಿ. ಮುದುಕಿಯನ್ನು ಕಂಡದ್ದೇ ಮೋಹನ ಗುರುತು ಹಿಡಿದ. ಇಪ್ಪತ್ತಾರು ವರ್ಷದ ಹಿಂದೆ, ಗಡಿಯ ಯುದ್ಧ ಮುಗಿಯುವ ಮೊದಲೇ, ಆಕೆಯ ಮಗನ ಶವದ ಪೆಟ್ಟಿಗೆಯ ಜೊತೆ ದಂಡಿಗನಹಳ್ಳಿಗೆ ಹೋದವನು ಅವನೇ. ಆಕೆ ಮುದ್ದಮ್ಮ. ಸತ್ತವನು ಅವನ ಪ್ಲಟೂನಿನ ಸಿಪಾಯಿ ಚಲುವಯ್ಯ. ಎಲ್ಲರ ಬಾಯಲ್ಲಿ ಚಲುವ.

"ನಿಲ್ಸಪ್ಪ ಇದ," ಎಂದಳು ಮುದ್ದಮ್ಮ, ಮೋಟರಿನ ಕಡೆ ಕೈ ತೋರಿಸಿ. ಅವನು ನಿಲ್ಲಿಸಿದ. ಬೀಸಿಸಲು ಬಂದಿದ್ದವರು ಮುಖ ಮುಖ ನೋಡಿಕೊಂಡರು. ರೂಪಶ್ರೀ ಅವರನ್ನೆಲ್ಲ ಆಮೇಲೆ ಬನ್ನಿ ಎಂದು ಕಳಿಸಿದಳು.

ಹುಡುಗಿಯ ಕೈಯಲ್ಲಿದ್ದ ಪುಸ್ತಕ ಮೋಹನನಿಗೆ ಗೊತ್ತಿತ್ತು. 'ಹಿಮಶಿಖರದ ಕಲಿ', ಚಲುವನ ಮೇಲಿನ ಕಾದಂಬರಿ. ಬರೆದವನು ಹಳ್ಳಿಮೈಸೂರಿನ ಹರ್ಷವರ್ಧನ್, ಹೊಳೆನರಸೀಪುರದ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು. ಹೋದ ವರ್ಷ ನಾಲ್ಕು ಭಾನುವಾರ ಬಂದು ಮೋಹನನನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡಿದ್ದ. ಬರುವ ಭಾನುವಾರ ಹಾಸನದಲ್ಲಿ ಬಿಡುಗಡೆ. ವೇದಿಕೆಯ ಮೇಲೆ ಮುದ್ದಮ್ಮನಿಗೆ ಸನ್ಮಾನ, ಮೋಹನನ ಭಾಷಣ.

"ಇವ್ಳು ಮೊಮ್ಮಗಳು, ಭಾನುಪ್ರಿಯಾ. ನನ್ನ ಮಗಳ ಮಗಳು," ಎಂದು ಮುದ್ದಮ್ಮ ಕಟ್ಟೆಯ ಮೇಲೆ ಕೂತಳು. "ಮೇಷ್ಟ್ರು ಮುಂಚಿತವಾಗಿ ಒಂದು ಪುಸ್ತಕ ಕೊಟ್ಟೋಗಿದ್ರು. ನಂಗೆ ಓದಕ್ ಬರಕಿಲ್ಲ, ಇವ್ಳು ಮೂರು ದಿನ ಓದಿ ಏಳುದ್ಲು. ಹನ್ನೊಂದ್ನೇ ಪಾಠ ಮಾತ್ರ ಎಲ್ಡು ಸಲ ಓದುಸ್ದೆ. ಇನ್ನೊಂದಪ ಓದೇ, ಇವ್ನೂ ಕೇಳ್ಲಿ."

"ಬೇಡ ಅವ್ವ, ನಂಗೊತ್ತು ಅದು," ಎಂದ ಮೋಹನ.

"ಓದೇ."

ಭಾನುಪ್ರಿಯಾ ಓದಿದಳು. ಮುಂಜಾವದ ಬೆಳಕಿನಲ್ಲಿ ಚಲುವಯ್ಯ ಶತ್ರುವಿನ ಬಂಕರಿಗೆ ಒಬ್ಬನೇ ನುಗ್ಗಿದ. ಎಂಟು ಜನರನ್ನು ಹೊಡೆದುರುಳಿಸಿದ. ಎದೆಗೆ ಬಿದ್ದ ಒಂದೇ ಗುಂಡಿಗೆ, ತುಟಿಯ ಮೇಲೆ ನಗು ಆರುವ ಮೊದಲೇ, ತಾಯ್ನೆಲದ ಮಡಿಲಿಗೆ ಒರಗಿದ. ಮೇಷ್ಟ್ರ ಭಾಷೆ ಚೆನ್ನಾಗಿತ್ತು. ಬಾಗಿಲಲ್ಲಿ ನಿಂತಿದ್ದ ರೂಪಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುದ್ದಮ್ಮ ಅಳಲಿಲ್ಲ. "ಅವತ್ತು ಪೆಟ್ಟಿಗೆ ತೆಗಿಯಕಿಲ್ಲ ಅಂದ್ರು ನಿಮ್ಮ ಆಪೀಸರು. ನಮ್ಮೆಜಮಾನ್ರು ನೆಲಕ್ಕೆ ಬಿದ್ದು ಒದ್ದಾಡ್ದಾಗ ತೆಗುದ್ರು. ಒಳಗ್ಲ ಕ್ವಾಣೇಲಿ ನಾನೊಬ್ಳೇ ನನ್ನ ಮಗೀಗೆ ನೀರಾಕ್ದೆ. ನೀನು ಆಚೆ ಜಗಲಿ ಮೇಲೆ ಕುಂತು ಜನಕ್ಕೆ ಇದೇ ಕತೆ ಏಳ್ತಿದ್ದೆ. ಒಂದೇ ಗುಂಡು, ನೋವೇ ಆಗ್ನಿಲ್ಲ ಅಂತ. ನಂಗೆ ಕೇಳಿಸ್ತಿತ್ತು."

ಮೋಹನ ನೆಲ ನೋಡುತ್ತಿದ್ದ.

"ಎದೇಲಿ ಗಾಯ ಇರ್ನಿಲ್ಲ ಕಣಪ್ಪ. ಎಡಗಡೆ ತೊಡೇಲಿತ್ತು. ಅದರ ಮ್ಯಾಕೆ ಬಿಗಿಯಾಗಿ ಕಟ್ಟಿದ್ ಗುರುತು, ಅಗ್ಗ ಕಟ್ಟಿ ಎಳುದಂಗೆ. ಕೈಯ ಉಗುರೆಲ್ಲ ಕಿತ್ತೋಗಿದ್ವು. ಒಳಗೆ ಕಲ್ಲಿನ ಪುಡಿ. ಒಂದೇ ಗುಂಡ್ಗೆ ಸತ್ತೋನು ಕಾಲ ಕಟ್ಕತಾನಾ?"

ರೂಪಶ್ರೀ ಗಂಡನ ಮುಖ ನೋಡಿದಳು. ಅವನು ಅವಳತ್ತ ತಿರುಗಲಿಲ್ಲ.

"ಅವತ್ತೇ ಯಾಕವ್ವ ಕೇಳ್ನಿಲ್ಲ?" ಎಂದ ಮೋಹನ.

"ಎದುರಿಕೆ. ಕೇಳುದ್ರೆ ನೀನು ಏಳ್ಬುಡ್ತೀಯ ಅಂತ. ಈಗ ಇದು ಪುಸ್ತಕ ಆಯ್ತು. ನಾನು ಸತ್ ಮ್ಯಾಕೆ ಇದೇ ನಿಜ ಆಯ್ತದೆ. ಅಷ್ಟೊಳಗೆ ನಂಗೊತ್ತಾಗ್ಬೇಕು. ಅವ್ನ ಕಾಲ ಕಟ್ಟಿದ್ ಯಾರು? ನೀನಾ?"

ಅವನು 'ಹೌದು' ಎನ್ನಬಹುದಿತ್ತು. ಆ ಮಾತು ತುದಿನಾಲಿಗೆಗೆ ಬಂದೂ ಇತ್ತು. ಮುದುಕಿಯ ಕಣ್ಣಲ್ಲಿ ಒಂದು ಆಸೆ ಕಾಣುತ್ತಿತ್ತು: ಮಗನ ಹತ್ತಿರ ಆಗ ಯಾರಾದರೂ ಒಬ್ಬರು ಇದ್ದರು ಎಂದು ಕೇಳಿಸಿಕೊಳ್ಳುವ ಆಸೆ. ಒಂದು ಮಾತು ಅಂದರೆ ಅವಳು ಮುಂದಿನ ಬಸ್ಸಿಗೆ ಎದ್ದು ಹೋಗುತ್ತಿದ್ದಳು.

"ಇಲ್ಲ ಅವ್ವ. ಅವನೇ ಕಟ್ಕೊಂಡ."

ಆಮೇಲೆ ತಡೆಯಲಾಗಲಿಲ್ಲ. ಬೆಳಗಿನ ಜಾವ ಗುಡ್ಡ ಹತ್ತುವಾಗ ಬೆಳಕು ಹರಿದುಬಿಟ್ಟಿತ್ತು. ಮೇಲಿನಿಂದ ಗುಂಡು ಶುರುವಾದಾಗ ಎಲ್ಲರೂ ಬಂಡೆಗಳ ಹಿಂದೆ ಬಿದ್ದರು. ಚಲುವ ಮಾತ್ರ ಬಯಲಲ್ಲಿ ಉಳಿದ. ಮೋಹನ ಮಲಗಿದ್ದ ಬಂಡೆಗೂ ಅವನಿಗೂ ಮೂವತ್ತು ಅಡಿ. ತೊಡೆಗೆ ಗುಂಡು ಬಿದ್ದಿತ್ತು. ಬೆಲ್ಟು ಬಿಚ್ಚಿ ತಾನೇ ಬಿಗಿದುಕೊಂಡ. ತೆವಳಲು ನೋಡಿದ, ಅಲ್ಲಾಡಿದಾಗಲೆಲ್ಲ ಮೇಲಿನವರು ಅವನ ಪಕ್ಕದ ಕಲ್ಲಿಗೆ ಹೊಡೆದರು. ಕೊಲ್ಲಲಿಲ್ಲ.

"ಬೇಕಂತಲೇ ಬಿಟ್ಟಿದ್ರು ಅವ್ವ. ಅವನ್ನ ಎತ್ಕೊಳ್ಳಾಕೆ ನಾವು ಬತ್ತೀವಿ, ಬಂದೋರ್ನೆಲ್ಲ ಒಡೀಬೋದು ಅಂತ. ಒಬ್ಬ ಎದ್ದೋದ. ಪಂಜಾಬಿನೋನು, ಎಲ್ಡು ಮಕ್ಕಳಿದ್ದೋನು. ಹತ್ತು ಹೆಜ್ಜೆ ಆಗ್ನಿಲ್ಲ, ಬಿದ್ದೋದ. ಆಮೇಲೆ ಸುಬೇದಾರ್ರು ಯಾರೂ ಅಲ್ಲಾಡಬೇಡಿ ಅಂದ್ರು."

"ಎಷ್ಟೊತ್ತು?"

"ಬೆಳಿಗ್ಗೆ ಆರಕ್ಕೆ ಬಿದ್ದಿದ್ದು."

"ಎಷ್ಟೊತ್ತು ಅಂದೆ."

"ಮಧ್ಯಾಹ್ನ ಎಲ್ಡರವರ್ಗೂ ಇದ್ದ."

ಭಾನುಪ್ರಿಯಾ ಪುಸ್ತಕ ಮುಚ್ಚಿ ಅಜ್ಜಿಯ ಭುಜ ಹಿಡಿದಳು. ಮುದ್ದಮ್ಮ ಆ ಕೈಯನ್ನು ಸರಿಸಿದಳು.

"ಏನಂತ ಕೂಗ್ದ?"

"ನಿನ್ನ ಕೂಗ್ದ. ನನ್ನೂ ಕೂಗ್ದ, ಮೋಹನಣ್ಣ ಅಂತ. ನೀರು ಅಂತ. ನನ್ನ ನೀರಿನ ಬಾಟ್ಲಿ ಎಸ್ದೆ ಅವ್ವ, ಸಿಕ್ನಿಲ್ಲ. ಎಲ್ಡು ಮಾರು ಇತ್ತಕಡೆ ಬಿತ್ತು. ಅವ್ನು ಅದನ್ನೇ ನೋಡ್ತಾ ಮನಗಿದ್ದ." ಮೋಹನ ಅಂಗೈಗೆ ಹತ್ತಿದ್ದ ಹಿಟ್ಟನ್ನು ಒರೆಸಿಕೊಂಡ. "ಒಂಬತ್ತು ಗಂಟೆ ಒತ್ಗೆ ನಂಗೆ ತಡಿಯಕ್ಕಾಗದೆ ಬೆನ್ನಿನ ಚೀಲ ಬಿಚ್ದೆ, ಓಗ್ಬುಡ್ತೀನಿ ಅಂತ. ಅವ್ನು ನೋಡ್ಬುಟ್ಟ. ಬೇಡ ಅಂತ ಕೈ ಆಡಿಸ್ದ. ಆಮೇಲೆ ಕೂಗ್ಲೇ ಇಲ್ಲ. ಕೂಗುದ್ರೆ ನಮ್ಮಲ್ಲಿ ಇನ್ನೊಬ್ಬ ಎದ್ದು ಬತ್ತಾನೆ ಅಂತ ಅವ್ನಿಗೆ ಗೊತ್ತಾಗಿತ್ತು. ಬಟ್ಟೆ ಬಾಯ್ಗೆ ತುರುಕ್ಕೊಂಡು ಐದೂವರೆ ಗಂಟೆ ಸುಮ್ನೆ ಮನಗಿದ್ದ. ಅವತ್ತು ನಾವು ಒಂಬತ್ತು ಜನ ಬದುಕಿ ಕೆಳಕ್ಕೆ ಬಂದ್ವಿ."

ಬೀದಿಯಲ್ಲಿ ಅರಕಲಗೂಡಿನ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಮೋಹನ ಮುಗಿಸಿರಲಿಲ್ಲ. ಮುಗಿಸಬೇಕಾದ ಮಾತು ಇನ್ನೂ ಒಳಗೇ ಇತ್ತು.

"ಒಂದ್ ಮಾತು ಉಳ್ಕೊಂಡದೆ ಅವ್ವ. ಅವ್ನು ಸುಮ್ನಾದಾಗ ನಂಗೆ ಸಮಾಧಾನ ಆಯ್ತು. ಸದ್ಯ, ಇನ್ನು ಓಗೋದು ತಪ್ತು ಅನ್ನುಸ್ತು. ಬಿಚ್ಚಿದ್ದ ಚೀಲನ ಮತ್ತೆ ಬೆನ್ನಿಗಾಕ್ಕೊಂಡೆ."

ಮುದ್ದಮ್ಮ ಎದ್ದಳು. ಹೊಡೆಯುತ್ತಾಳೆ ಎಂದುಕೊಂಡ ಅವನು. ಹೊಡೆದರೆ ಒಳ್ಳೆಯದಿತ್ತು. ಅವಳು ಅಷ್ಟು ದೂರ ಹೋಗಿ ಬಾಗಿಲ ಚೌಕಟ್ಟು ಹಿಡಿದು ಬೆನ್ನು ಮಾಡಿ ನಿಂತಳು. ಅಲ್ಲಿಂದಲೇ, "ಬಾನುವಾರ ಹಾಸನಕ್ಕೆ ಬತ್ತೀನಿ. ಇದ್ನೆಲ್ಲ ಅಲ್ಲೇಳು," ಎಂದಳು. ರೂಪಶ್ರೀ ಊಟಕ್ಕೆ ಕರೆದರೂ ನಿಲ್ಲಲಿಲ್ಲ.

ಮರುದಿನ ಸಂಜೆ ಹರ್ಷವರ್ಧನ್ ಬೈಕಿನಲ್ಲಿ ಧಾವಿಸಿ ಬಂದ. ಮೋಹನ ಫೋನಿನಲ್ಲಿ ಅರ್ಧ ಹೇಳಿದ್ದ. ಉಳಿದರ್ಧವನ್ನು ಮೇಷ್ಟ್ರು ನಿಂತಲ್ಲೇ ಕೇಳಿದ.

"ನಂಗ್ಯಾಕೆ ಸುಳ್ಳು ಹೇಳಿದ್ರಿ ಹವಾಲ್ದಾರ್ರೇ?"

"ನೀವು ಎಂಟು ಜನ ಅಂತ ಬರ್ದಿದೀರಲ್ಲ ಸಾ, ಅದ ನಾನು ಏಳ್ನಿಲ್ಲ. ನುಗ್ಗಿದ, ಒಂದೇ ಗುಂಡ್ಗೆ ಸತ್ತ ಅಂತ ಅಷ್ಟೇ ಅಂದಿದ್ದು."

ಹರ್ಷ ತಲೆ ತಗ್ಗಿಸಿದ. ಅದು ನಿಜವಾಗಿತ್ತು. ಆದರೂ ಹೇಳಿದ: "ಕಾದಂಬರಿ ಅಚ್ಚಾಗಿ ಹೋಗಿದೆ. ಓದೋ ಹುಡುಗರಿಗೆ ಒಬ್ಬ ವೀರ ಬೇಕು, ಅದಕ್ಕೆ ಬರೆದೆ. ಭಾನುವಾರ ನೀವು ಎದ್ದು ನಿಂತು ಇದನ್ನ ಹೇಳಿದ್ರೆ ಸಭೆ ಏನಾಗುತ್ತೆ ಯೋಚನೆ ಮಾಡಿ. ಮಾಜಿ ಸೈನಿಕರು ಬರ್ತಾರೆ. ನಿಮ್ಮನ್ನೇ ಹೇಡಿ ಅಂತಾರೆ. ಎರಡು ಒಳ್ಳೆ ಮಾತಾಡಿ ಮುಗಿಸಿಬಿಡಿ, ಕೈ ಮುಗೀತೀನಿ."

ಆ ಎರಡು ರಾತ್ರಿ ಮೋಹನನಿಗೆ ನಿದ್ದೆ ಬರಲಿಲ್ಲ. ರೂಪಶ್ರೀಯೂ ಮಲಗಲಿಲ್ಲ. "ನಂಗಾದ್ರೂ ಏಳ್ಬೋದಿತ್ತು ನೀವು," ಎಂದಳು ಒಮ್ಮೆ, ಅಷ್ಟೇ.

ಭಾನುವಾರ ಹಾಸನದ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಪದಕ ತೊಟ್ಟ ಮಾಜಿ ಸೈನಿಕರು, ಹಿಂದೆ ಕಾಲೇಜಿನ ಹುಡುಗ ಹುಡುಗಿಯರು. ವೇದಿಕೆಯ ಮೇಲೆ ಮುದ್ದಮ್ಮನಿಗೆ ಶಾಲು ಹೊದಿಸಿ ಕೂರಿಸಿದ್ದರು. ಸಮಿತಿಯ ಅಧ್ಯಕ್ಷ ಅನಿಲ್‌ಕುಮಾರ್ ಚಲುವಯ್ಯನ ಶೌರ್ಯವನ್ನು ಬಣ್ಣಿಸಿ, ಹವಾಲ್ದಾರ್ ಮೋಹನ್‌ಕುಮಾರ್ ಎರಡು ಮಾತಾಡುತ್ತಾರೆ ಎಂದ. ಚಪ್ಪಾಳೆ ಬಿತ್ತು.

ಮೋಹನ ಮೈಕಿನ ಮುಂದೆ ನಿಂತ. ಜನ ಕೆಮ್ಮಿದರು. ಅವನು ಹಿಂದಕ್ಕೆ ತಿರುಗಿ ನೋಡಿದ. ಮುದ್ದಮ್ಮ ಅವನನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಹರ್ಷ ಎರಡೂ ಕೈಯಲ್ಲಿ ಕುರ್ಚಿ ಹಿಡಿದಿದ್ದ.

"ಚಲುವಯ್ಯ ಯಾರನ್ನೂ ಕೊಲ್ಲಲಿಲ್ಲ," ಎಂದ ಮೋಹನ.

ಅವನು ಮೂವತ್ತು ಅಡಿಯ ಲೆಕ್ಕ ಹೇಳಿದ, ಬೆಲ್ಟಿನ ವಿಷಯ ಹೇಳಿದ. ನೀರಿನ ಬಾಟಲಿಯ ಹತ್ತಿರ ಬಂದಾಗ ಮುಂದಿನ ಸಾಲಿನಿಂದ ಒಬ್ಬರು ಎದ್ದರು. "ರೀ, ನಿಲ್ಸ್ರೀ! ಸತ್ತೋನ ಮರ್ಯಾದೆ ಕಳೀತಿದೀರಾ? ಫೌಜಿಗೆ ಅವಮಾನ ಇದು!" ಹಿಂದಿನಿಂದ ಇನ್ನಿಬ್ಬರು ದನಿಗೂಡಿಸಿದರು. ಅನಿಲ್‌ಕುಮಾರ್ ಬೆವರುತ್ತ ಬಂದು, "ಇಷ್ಟು ಸಾಕು, ಬನ್ನಿ ಸಾರ್," ಎಂದು ಮೈಕಿಗೆ ಕೈ ಹಾಕಿದ. ಮೋಹನ ಬಿಡಲಿಲ್ಲ. ಒಂದು ಕ್ಷಣ ಇಬ್ಬರೂ ಮೈಕನ್ನು ಎಳೆದಾಡಿದರು. ಸ್ಪೀಕರು ಕಿರ್ರೆಂದು ಕಿರುಚಿತು.

ಮುದ್ದಮ್ಮ ಎದ್ದು ಬಂದಳು. ಅವಳಿಗೆ ಮೈಕು ಬೇಕಾಗಲಿಲ್ಲ.

"ನನ್ನ ಮಗ ಎಂಟೂವರೆ ಗಂಟೆ ಸತ್ತವ್ನೆ," ಎಂದಳು. "ಅದ ಕೇಳಕ್ಕೆ ನಿಮ್ಗೆ ಅರ್ಧ ಗಂಟೆ ಕೂರಕ್ಕಾಗಕಿಲ್ವಾ?"

ಎದ್ದು ನಿಂತಿದ್ದವರು ನಿಂತೇ ಇದ್ದರು. ಅನಿಲ್‌ಕುಮಾರ್ ಹರ್ಷನ ಕಡೆ ನೋಡಿದ, ನೀನಾದರೂ ಏನಾದರೂ ಮಾಡು ಎಂಬಂತೆ. ಹರ್ಷ ಎದ್ದು ಬಂದು, ಅನಿಲ್‌ಕುಮಾರನ ಕೈಯನ್ನು ಮೈಕಿನಿಂದ ಬಿಡಿಸಿದ. "ಅವರು ಹೇಳ್ಲಿ," ಎಂದ.

ಮೋಹನ ಕೊನೆಯವರೆಗೂ ಹೇಳಿದ. ಕೈ ಆಡಿಸಿದ್ದು, ಬಾಯಿಗೆ ಬಟ್ಟೆ ತುರುಕಿಕೊಂಡದ್ದು, ತಾನು ಚೀಲ ಮತ್ತೆ ಹೆಗಲಿಗೆ ಹಾಕಿಕೊಂಡದ್ದು. ನಡುವೆ ನಾಲ್ಕೈದು ಜನ ಕುರ್ಚಿ ಸದ್ದು ಮಾಡಿಕೊಂಡು ಹೊರಗೆ ಹೋದರು. ಒಬ್ಬರು ಹೋಗುತ್ತ "ಹೇಡಿ" ಅಂದದ್ದು ಎಲ್ಲರಿಗೂ ಕೇಳಿಸಿತು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೊದಲು ಎದ್ದು ಕೂಗಿದ್ದ ಮಾಜಿ ಸೈನಿಕರೊಬ್ಬರು ಮಾತ್ರ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು.

"ಪುಸ್ತಕ ಇವತ್ತು ಬಿಡುಗಡೆ ಮಾಡೋದಿಲ್ಲ," ಎಂದ ಹರ್ಷ. "ಹನ್ನೊಂದನೇ ಅಧ್ಯಾಯ ನಾನು ಮತ್ತೆ ಬರೀಬೇಕು. ಬರೆಯೋಕೆ ಬರುತ್ತೋ ಇಲ್ವೋ ಗೊತ್ತಿಲ್ಲ." ರಿಬ್ಬನ್ನು ಕಟ್ಟಿದ್ದ ಪುಸ್ತಕಗಳನ್ನು ತಟ್ಟೆ ಸಮೇತ ಮೇಜಿನ ಕೆಳಗಿಟ್ಟ. ಅನಿಲ್‌ಕುಮಾರ್ ಅವನೊಡನೆ ಆಮೇಲೆ ಎಷ್ಟೋ ದಿನ ಮಾತಾಡಲಿಲ್ಲ.

ಹೊರಗೆ ಬಂದಾಗ ಮುದ್ದಮ್ಮ ಮೋಹನನನ್ನು ತಡೆದಳು. "ಊರ್ಗೆ ಬಾ. ನಮ್ಮೆಜಮಾನ್ರಿಗೂ ಏಳ್ಬೇಕು. ನನ್ನ ಬಾಯಲ್ಲಿ ಬರಕಿಲ್ಲ."

ಭಾನುಪ್ರಿಯಾಳೂ ಸೇರಿ ಮೂವರೂ ಚನ್ನರಾಯಪಟ್ಟಣಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ದಂಡಿಗನಹಳ್ಳಿ ತಲುಪಿದಾಗ ನಾಲ್ಕು ದಾಟಿತ್ತು. ಚಲುವನ ಅಪ್ಪ ಗುಂಡಯ್ಯ ಪಡಸಾಲೆಯಲ್ಲಿ ಮಂಚದ ಮೇಲಿದ್ದ. ಸೊಂಟ ಬಿದ್ದು ಹೋಗಿತ್ತು. ಗೋಡೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಸಮವಸ್ತ್ರ ತೊಟ್ಟ ಚಲುವ.

ಮೋಹನ ಮಂಚದ ಪಕ್ಕ ನೆಲದ ಮೇಲೆ ಕೂತು ಮೆಲ್ಲಗೆ ಶುರು ಮಾಡಿದ.

"ಕೇಳ್ಸಕಿಲ್ಲ," ಎಂದ ಗುಂಡಯ್ಯ, ಕಿವಿಯ ಹಿಂದೆ ಅಂಗೈ ಇಟ್ಟು. "ಜೋರಾಗಿ ಏಳು."

ಹಾಗಾಗಿ ಮೋಹನ ಕೂಗಿ ಹೇಳಬೇಕಾಯಿತು. ತನ್ನ ಹೆಂಡತಿಗೂ ಪಿಸುಗುಟ್ಟದೆ ಇಪ್ಪತ್ತಾರು ವರ್ಷ ಹೊತ್ತದ್ದನ್ನು ಗಂಟಲು ಹರಿಯುವಂತೆ ಕೂಗಿ ಕೂಗಿ ಹೇಳಿದ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಭಾನುಪ್ರಿಯಾ ಗೋಡೆಗೆ ಒರಗಿ ಅತ್ತಳು. ಮುದ್ದಮ್ಮ ಮಂಚದ ಕಾಲು ಹಿಡಿದು ಕೂತಿದ್ದಳು.

"ಎದುರ್ಕೊಂಡಿದ್ನಾ?" ಎಂದು ಕೇಳಿದ ಗುಂಡಯ್ಯ.

"ಎದುರ್ಕೊಂಡಿದ್ದ ಕಣಪ್ಪ! ನಾನೂ ಎದುರ್ಕೊಂಡಿದ್ದೆ!"

ಗುಂಡಯ್ಯ ಗೋಡೆಯ ಕಡೆ ಮಗ್ಗುಲಾದ. ಅವನ ಬೆನ್ನು ಏರಿ ಇಳಿಯುವುದು ಕಾಣುತ್ತಿತ್ತು. ಕ್ಷಮೆ ಕೇಳಲು ಮೋಹನ ಬಾಯಿ ತೆರೆದ. ಅದನ್ನೂ ಕೂಗಿ ಕೇಳಬೇಕಲ್ಲ ಎಂದು ಸುಮ್ಮನಾದ. ಕಡೆಗೆ ಎದ್ದು ಚಪ್ಪಲಿ ಹುಡುಕಿದ.

"ಎಲ್ಲಿಗೋಯ್ತೀಯ?" ಎಂದ ಗುಂಡಯ್ಯ, ಈ ಕಡೆ ತಿರುಗದೆ. "ನಂಗೆ ಪೂರ್ತಿ ಕೇಳಿಸ್ನಿಲ್ಲ. ಇವತ್ತು ಇಲ್ಲೇ ಇರು. ಬೆಳಿಗ್ಗೆ ಇನ್ನೊಂದಪ ಏಳು."

ಮುದ್ದಮ್ಮ ಎದ್ದು ಒಲೆ ಹಚ್ಚಲು ಒಳಗೆ ಹೋದಳು. ಮೋಹನ ಜಗಲಿಗೆ ಬಂದು, ರೂಪಶ್ರೀಗೆ ಫೋನ್ ಮಾಡಿ, ನಾಳೆ ಬರುತ್ತೇನೆ ಎಂದ.