ರೇಣುಕವ್ವನ ಪಕ್ಕದಲ್ಲಿ ಕೂತವರು

ಚಿಕ್ಕಲಸಂದ್ರದಲ್ಲಿ ಸೀತಾಲಕ್ಷ್ಮಿಯವರ ಮನೆಯ ಮಹಡಿಯಲ್ಲಿ ಬಾಗಲಕೋಟೆ ಕಡೆಯ ರೇಣುಕವ್ವ ಬಾಡಿಗೆಗಿದ್ದಳು. ಗಂಡ ಹಣಮಪ್ಪ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯೂರಿಟಿ. ಅವಳ ಜೋಳದ ರೊಟ್ಟಿ ತಿನ್ನದವರು ಆ ಬೀದಿಯಲ್ಲಿ ಇರಲಿಲ್ಲ. ಅವಳಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಯಾರೂ ಅವಳ ಮನೆಯೊಳಗೆ ಕಾಲಿಡಲಿಲ್ಲ.

ಸೀತಾಲಕ್ಷ್ಮಿ ಕೆಟ್ಟವರಲ್ಲ, ಹೆದರಿದ್ದರು. ಹಣಮಪ್ಪ ಡ್ಯೂಟಿಗೆ ಹೋದ ಮೇಲೆ ಊಟದ ಡಬ್ಬಿಯನ್ನು ಬಾಗಿಲ ಹೊರಗಿಟ್ಟು ಇಳಿದುಬಿಡುತ್ತಿದ್ದರು.

ಒಂದು ಮಧ್ಯಾಹ್ನ ಯಡಿಯೂರಿನ ಗೆಳತಿ ವಿಜಯಲಕ್ಷ್ಮಿ ಬಂದರು. ಇಬ್ಬರೂ ಒಂದೇ ಬ್ಯಾಂಕಿನಲ್ಲಿ ಇದ್ದವರು. ನಿವೃತ್ತಿಯ ನಂತರ ವಿಜಯಲಕ್ಷ್ಮಿ, ಕ್ಯಾನ್ಸರ್ ಇರುವವರಿಗೆ ಮನೆಯಲ್ಲೇ ನೆರವಾಗುವ ತರಬೇತಿ ಪಡೆದಿದ್ದರು. ಮಹಡಿಯ ಬಾಗಿಲ ಹೊರಗೇ ಇದ್ದ ಡಬ್ಬಿ ನೋಡಿ ವಿಷಯ ಕೇಳಿ, ರೇಣುಕವ್ವನಿಗೆ ಎದ್ದು ಬಾಗಿಲಿಗೆ ಬರಲೂ ಆಗುತ್ತಿಲ್ಲವೇನೋ ಎಂದರು.

"ನಂಗೆ ಭಯ ಕಣೇ. ಅಂಟ್ಕೊಂಡ್ರೆ?"

"ಮುಟ್ಟಿದ್ರೆ, ಜೊತೇಲಿ ಊಟ ಮಾಡಿದ್ರೆ ಕ್ಯಾನ್ಸರ್ ಅಂಟಲ್ಲ, ಸೀತಾ."

"ಹೋಗಿ ಏನು ಹೇಳ್ಲಿ?"

"ಏನೂ ಹೇಳ್ಬೇಡ. ಕೂತ್ಕೊಂಡು ಅವಳು ಹೇಳೋದು ಕೇಳು."

ಇಬ್ಬರೂ ಮೆಟ್ಟಿಲು ಹತ್ತಿ ಹೋದರು. ಒಳಗೆ ಹುಣ್ಣಿನ ವಾಸನೆ. ರೇಣುಕವ್ವನ ತುಟಿ ಒಣಗಿ ಬಿರಿದಿತ್ತು. ಒಂದೇ ಮಗ್ಗುಲಲ್ಲಿ ಮಲಗಿ ಬೆನ್ನು ಕೆಂಪಾಗಿತ್ತು. ಡಾಕ್ಟರು ಕೊಟ್ಟ ನೋವಿನ ಮಾತ್ರೆಯ ಪೊಟ್ಟಣ ಬಿಚ್ಚದೆ ಹಾಗೇ ಇತ್ತು. ಚಟವಾಗಿಬಿಡುತ್ತದೆ ಎಂದು ಹಣಮಪ್ಪ ಹೆದರಿದ್ದ.

ಸೀತಾಲಕ್ಷ್ಮಿ ಅವಳ ಕೈ ಹಿಡಿದು, ಎಲ್ಲ ಸರಿಹೋಗುತ್ತೆ ಎಂದರು. ರೇಣುಕವ್ವ ಮುಖ ತಿರುಗಿಸಿದಳು.

"ಹಂಗ ಅನಬ್ಯಾಡ್ರಿ ಅಮ್ಮಾರ. ನಾ ಉಳಿಯಂಗಿಲ್ಲ ಅಂತ ನನಗ ಗೊತ್ತೈತ್ರಿ. ಒಬ್ಬಾಕೇ ಸಾಯಾಕ ಅಂಜಿಕಿ ಆಗ್ತೈತಿ."

ಸೀತಾಲಕ್ಷ್ಮಿ ಹಿಡಿದ ಕೈ ಬಿಡಲಿಲ್ಲ. ಎದ್ದು ಹೋಗಲೂ ಇಲ್ಲ.

ವಿಜಯಲಕ್ಷ್ಮಿ ಫೋನ್ ಮಾಡಿ ಮನೆಗೇ ಬರುವ ನರ್ಸನ್ನು ಕರೆಸಿದರು. ಡಾಕ್ಟರು ಹೇಳಿದಷ್ಟು ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ಚಟವಾಗುತ್ತದೆಂದು ಹೆದರಬೇಕಿಲ್ಲವೆಂದು ನರ್ಸ್ ಹಣಮಪ್ಪನಿಗೆ ತಿಳಿಸಿ ಹೇಳಿದರು, ಹುಣ್ಣಿಗೆ ಪಟ್ಟಿ ಕಟ್ಟಿದರು. ಸೀತಾಲಕ್ಷ್ಮಿಯೂ ತರಬೇತಿಗೆ ಸೇರಿದರು. ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು, ನೋವು ಹೆಚ್ಚಿದಾಗ ಯಾರಿಗೆ ತಿಳಿಸಬೇಕೆಂಬುದು, ಸುಳ್ಳು ಭರವಸೆ ಕೊಡದೆ ಜೊತೆಗಿರುವುದು, ಎಲ್ಲ ಕಲಿತರು. ಬೀದಿಯ ಇನ್ನಿಬ್ಬರು ಹೆಂಗಸರೂ ಸರದಿಯಲ್ಲಿ ಬಂದರು.

ರೋಗ ಹಿಂದೆ ಸರಿಯಲಿಲ್ಲ. ಒಂದು ಬೆಳಿಗ್ಗೆ ಸೀತಾಲಕ್ಷ್ಮಿ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದಾಗಲೇ ರೇಣುಕವ್ವನ ಉಸಿರು ನಿಂತಿತು. ಹಣಮಪ್ಪ ಹೆಂಡತಿಯ ತಲೆಯ ಬಳಿಯೇ ಕೂತಿದ್ದ. ಕಡೆಯ ದಿನಗಳಲ್ಲಿ ನರಳಲಿಲ್ಲ, ಅಷ್ಟೇ ಸಮಾಧಾನ ಎಂದ. ಮೊದಲೇ ಹೋಗಲಿಲ್ಲವಲ್ಲ ಎಂಬ ಸಂಕಟ ಸೀತಾಲಕ್ಷ್ಮಿಯವರನ್ನು ಇನ್ನೂ ಬಿಟ್ಟಿಲ್ಲ.

ನಿಮ್ಮ ಬೀದಿಯಲ್ಲೂ ಕ್ಯಾನ್ಸರ್ ಇರುವವರು ಇರಬಹುದು. ನೆರವಾಗಲು ನೀವು ಡಾಕ್ಟರೇ ಆಗಬೇಕಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಅಥವಾ ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆ ಕೇಂದ್ರದಲ್ಲಿ ತರಬೇತಿ ಇದೆಯೇ ಎಂದು ವಿಚಾರಿಸಿ, ಕಲಿಯಿರಿ. ಆದರೆ ಅಲ್ಲಿಯವರೆಗೆ ಕಾಯಬೇಡಿ. ಮಾತಾಡಲು ಅವರು ಇರುವಾಗಲೇ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.