ಬಿಸಿಲಿಗೆ ಅಡ್ಡ

"ಇನ್ನೊಂಚೂರು ಎಳಿ ಗಂಗರಾಜು, ಅಂಗಳದ ಜನಕ್ಕೆ ನೆರಳು ಬರ್ಲಿ," ಎಂದು ರಮೇಶ್‌ಬಾಬು ಕೆಳಗಿನಿಂದ ಕೂಗಿದ.

ಶಾಮಿಯಾನದ ಗಂಗರಾಜು ತಾರಸಿಯ ಮೇಲೆ ನಿಂತು ಹಗ್ಗ ಎಳೆದ. ಕಟ್ಟಲು ಬೇರೇನೂ ಸಿಗದೆ ಸೋಲಾರ್ ಪ್ಯಾನೆಲ್ಲಿನ ಕಬ್ಬಿಣದ ಕಾಲಿಗೇ ಬಿಗಿದ. ಕೆಂಪು ಹಳದಿ ಪಟ್ಟೆಯ ಬಟ್ಟೆ ಪ್ಯಾನೆಲ್ಲನ್ನು ಪೂರ್ತಿ ಮುಚ್ಚಿತು. ಸಾವಿನ ಮನೆಯಲ್ಲಿ ಅದನ್ನೆಲ್ಲ ನೋಡುವವರು ಯಾರು?

ಕೆಳಗೆ ನಡುಮನೆಯಲ್ಲಿ ರಮೇಶ್‌ಬಾಬುವಿನ ಅಣ್ಣ ಹರಿಕೃಷ್ಣನನ್ನು ಮಲಗಿಸಿದ್ದರು. ನಗರಗೆರೆಯ ಹೈಸ್ಕೂಲಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ತಾನಾಯಿತು ತನ್ನ ವೈರುಗಳಾಯಿತು ಎಂದು ಇದ್ದವನು. ಬೆಳಿಗ್ಗೆ ಎದ್ದು ಎಂದಿನಂತೆ ಕಂಪ್ಯೂಟರ್ ಹಾಕಿ, ಕಾಫಿ ಕುಡಿದು, ಲೋಟ ಕೆಳಗಿಟ್ಟವನು ಹಾಗೇ ಗೋಡೆಗೆ ಒರಗಿಬಿಟ್ಟಿದ್ದ. ಹೆಂಡತಿ ಕವಿತ ಈಗ ಅವನ ತಲೆಯ ಹತ್ತಿರ ಕುಳಿತಿದ್ದಳು. ಕಣ್ಣಲ್ಲಿ ಒಂದು ಹನಿ ಇಲ್ಲ, ಬಾಯಲ್ಲಿ ಒಂದು ಮಾತಿಲ್ಲ. ಕರೆಂಟು ಹೋಗಿದ್ದರಿಂದ ಫ್ಯಾನು ಸೋಲಾರಿನಲ್ಲೇ ತಿರುಗುತ್ತಿತ್ತು.

"ಅತ್ತುಬಿಡಮ್ಮ, ಎದೆ ಹಗುರಾಗುತ್ತೆ," ಎಂದು ಹರಿಕೃಷ್ಣನ ದೊಡ್ಡಮ್ಮ ಕದಿರಮ್ಮ ಅವಳ ಬೆನ್ನು ಸವರಿದಳು.

ಆಗ ಮೂಲೆಯ ಮೇಜಿನಿಂದ ಹರಿಕೃಷ್ಣ ಮಾತಾಡಿದ.

"ಕವಿತ, ಬಿಸಿಲು ಬರ್ತಾ ಇಲ್ಲ ಕಣೇ. ಏನ್ ಅಡ್ಡ ಬಂತು ನೋಡು."

ಅಳುತ್ತಿದ್ದವರೆಲ್ಲ ಬಾಯಿ ಮುಚ್ಚಿದರು. ಹಾರ ಹಾಕಲು ಬಗ್ಗಿದ್ದ ಹೆಂಗಸು ಹಾರವನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಸರಿದಳು. ಎಲ್ಲರ ಕಣ್ಣೂ ಹತ್ತಿ ಇಟ್ಟಿದ್ದ ಆ ಮುಖದ ಮೇಲೆ ಹೋಯಿತು. ತುಟಿ ಅಲುಗಿರಲಿಲ್ಲ. ಹಾಗೆ ನೋಡಿದ್ದಕ್ಕೇ ಅವರಿಗೆ ಇನ್ನಷ್ಟು ಭಯವಾಯಿತು.

"ಅಯ್ಯೋ ದೇವುಡಾ!" ಎಂದು ಕದಿರಮ್ಮ ಎದೆ ಹಿಡಿದುಕೊಂಡಳು.

"ಕಂಪ್ಯೂಟರು ದೊಡ್ಡಮ್ಮ, ಕಂಪ್ಯೂಟರು. ಅಣ್ಣಾನೇ ಮಾಡಿಟ್ಟಿದ್ದ," ಎಂದ ರಮೇಶ್‌ಬಾಬು.

*

ಎರಡು ವರ್ಷದ ಹಿಂದೆ ಹರಿಕೃಷ್ಣ ತಾರಸಿಗೆ ಪ್ಯಾನೆಲ್ ತಂದು ಹಾಕಿದ. ಕವಿತ ಸಂಡಿಗೆ ಒಣಗಿಸುತ್ತಿದ್ದ ಜಾಗ ಅದು. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ಅವಳು ಸ್ವಲ್ಪ ದಿನ ಗೊಣಗಿ ಸುಮ್ಮನಾದಳು. ಗೋಡೆಗೆ ಒಂದು ಡಬ್ಬಿ ಬಂತು. ಬಿಸಿಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ಬಿಡುವ ಚಾರ್ಜ್ ಕಂಟ್ರೋಲರ್. ಬಿಸಿಲೆಷ್ಟು, ಬ್ಯಾಟರಿಯಲ್ಲಿ ಉಳಿದದ್ದೆಷ್ಟು ಎಲ್ಲ ಅದಕ್ಕೆ ಗೊತ್ತು. ಅದನ್ನು ಮನೆಯ ಕಂಪ್ಯೂಟರಿಗೆ ಹೇಳಿಸಬೇಕು ಅನ್ನುವುದೇ ಹರಿಕೃಷ್ಣನ ಹುಚ್ಚು.

ಗೌರಿಬಿದನೂರಿನ ಅಂಗಡಿಯ ತಾಜ್ ಪಾಷಾ ಬುದ್ಧಿ ಹೇಳಿದ್ದ. "ನೇರ ಕೊಡ್ಬೇಡಿ ಸಾರ್. ಅದರ ಮಾತು ಇದಕ್ಕೆ ತಿಳಿಯಲ್ಲ. ನಡುವೆ ಒಂದು ಕನ್ವರ್ಟರ್ ಬೇಕು. ಮುಂದಿನ ವಾರ ಬನ್ನಿ, ತರಿಸ್ಕೊಡ್ತೀನಿ."

ಅಷ್ಟು ತಾಳ್ಮೆ ಅವನಿಗೆಲ್ಲಿತ್ತು? ಹಳೆಯ ವೈರೊಂದರ ತುದಿ ಸುಲಿದು ನೇರ ಸಿಕ್ಕಿಸಿದ. ಪಟ್ ಅಂತು. ಕಂಪ್ಯೂಟರಿನಿಂದ ಹೊಗೆ ಎದ್ದಿತು. ಅದಕ್ಕೇ ಚಾರ್ಜಿಗೆ ಹಾಕಿದ್ದ ಗಂಡ ಹೆಂಡಿರ ಫೋನುಗಳೂ ಸತ್ತವು.

ಅದೇ ದಿನ ಚಿಂತಾಮಣಿಯಲ್ಲಿ ಕವಿತಳ ತಾಯಿ ತೀರಿಕೊಂಡಳು. ತವರಿನವರು ಫೋನು ಮಾಡಿ ಮಾಡಿ ಸೋತರು. ಅವರಿವರ ಮೂಲಕ ಸುದ್ದಿ ತಿಳಿದು ಇವರು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಕವಿತ ಆ ಹಸಿ ಮಣ್ಣಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತಿದ್ದಳು.

"ಅಮ್ಮನ ಮುಖ ಕೂಡ ಸಿಗ್ಲಿಲ್ಲ ನಂಗೆ," ಎಂದಳು.

ಗಂಡನ ಜೊತೆ ಅವಳು ಆಡಿದ ಕೊನೆಯ ಮಾತು ಅದು. ಆಮೇಲೆ ಊಟ ಬಡಿಸಿದಳು, ಬಟ್ಟೆ ಒಗೆದಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಮಾತು ಮಾತ್ರ ಆಡಲಿಲ್ಲ. ಅವನು ಬೇಡಿಕೊಂಡ, ರೇಗಿದ, ಒಂದು ದಿನ ಅತ್ತೂಬಿಟ್ಟ. ಅವಳ ಹಟ ಉಡದ ಪಟ್ಟು.

ಕೊನೆಗೆ ಅವನು ಹಳೆಯ ಕಂಪ್ಯೂಟರೊಂದನ್ನು ತಂದ. ತಾಜ್ ಪಾಷಾ ಹೇಳಿದ್ದ ಕನ್ವರ್ಟರನ್ನೂ ತಂದು ನಡುವೆ ಹಾಕಿದ. ಬಾಗಿಲು ಮುಚ್ಚಿಕೊಂಡು ತನ್ನ ದನಿಯನ್ನೇ ಅದರೊಳಗೆ ತುಂಬಿದ. ಮಧ್ಯಾಹ್ನವಾದರೆ ಅದು, "ಬ್ಯಾಟರಿ ತುಂಬ್ತು ಕವಿತ, ಮಿಕ್ಸಿ ಹಾಕ್ಕೊ," ಅನ್ನುತ್ತಿತ್ತು. ಬ್ಯಾಟರಿ ಇಳಿದರೆ, "ಮುಗೀತಾ ಬಂತು ಕವಿತ. ಆಫ್ ಮಾಡ್ಲಾ?" ಎಂದು ಕೇಳಿ ಸ್ವಲ್ಪ ಹೊತ್ತು ಕಾದು, ತಾನೇ ಆರಿಹೋಗುತ್ತಿತ್ತು. ಹಾಗೆ ಅದು ಕಾಯುವಷ್ಟು ಹೊತ್ತೂ ಹರಿಕೃಷ್ಣ ಪೇಪರು ಮಡಚಿಟ್ಟು ಅಡುಗೆಮನೆಯ ಕಡೆ ನೋಡುತ್ತಿದ್ದ. ಉತ್ತರ ಬರುತ್ತಿರಲಿಲ್ಲ.

ಆದರೆ ಮಿಕ್ಸಿಯನ್ನು ಮಾತ್ರ ಅವಳು ಅವನು ಹೇಳಿದ ಹೊತ್ತಿಗೇ ಹಾಕುತ್ತಿದ್ದಳು.

*

"ಅದ್ರ ವೈರು ಕೀಳಪ್ಪ ರಮೇಶ," ಎಂದಳು ಕದಿರಮ್ಮ. "ಉಸಿರು ಹೋದ್ಮೇಲೂ ಹೆಂಡ್ತೀನ ಹೆಸರು ಹಿಡಿದು ಕೂಗ್ತಾ ಇದಾನೆ. ದನಿ ಇಲ್ಲೇ ಸಿಕ್ಕಾಕ್ಕೊಂಡ್ರೆ ಜೀವ ಹೆಂಗೆ ಹೋಗುತ್ತೆ? ಹೊಸಲು ದಾಟಲ್ಲ ಅದು."

ರಮೇಶ್‌ಬಾಬು ಎದ್ದು ಮೇಜಿನ ಹತ್ತಿರ ಹೋದ. ವೈರಿಗೆ ಕೈ ಹಾಕಿದ.

"ಮುಟ್ಬೇಡ," ಎಂದಳು ಕವಿತ.

ಬೆಳಗಿನಿಂದ ಅವಳು ಆಡಿದ ಮೊದಲ ಮಾತು. ರಮೇಶ್‌ಬಾಬು ಕೈ ತೆಗೆದ.

"ಅತ್ತಿಗೆ, ದೊಡ್ಡೋರು ಹೇಳ್ತಾವ್ರೆ. ಅಣ್ಣನ್ನ ನೆಮ್ಮದಿಯಾಗಿ ಕಳಿಸ್ಕೊಡಣ."

"ನಾನು ಅವರಿಗೆ ಒಂದು ಮಾತು ಹೇಳೋದಿದೆ," ಎಂದಳು. ಆದರೆ ಹೇಳಲಿಲ್ಲ. ಅಷ್ಟು ಜನರ ಮುಂದೆ, ಹೆಣದ ಮುಂದೆ, ಎರಡು ವರ್ಷದ ಮೌನವನ್ನು ಎಲ್ಲಿಂದ ಒಡೆಯುವುದು?

"ಸರಿ ತಾಯಿ. ಸಾಯಂಕಾಲ ದೀಪದ ಮುಂದೆ ಹೇಳ್ಕೊ. ಆಮೇಲೆ ಕಿತ್ತಾಕ್ಬಿಡಣ," ಎಂದಳು ಕದಿರಮ್ಮ.

ಹೊತ್ತು ಇಳಿಯುವಾಗ ಹೆಣ ಎತ್ತಿದರು. ಮಕ್ಕಳಿಲ್ಲದ್ದರಿಂದ ತಮ್ಮನೇ ಮುಂದೆ ನಡೆದ. ಹೆಂಗಸರು ಬಾಗಿಲಲ್ಲೇ ನಿಂತರು. ಕವಿತಳಿಗೆ ಗಂಡನ ಮುಖ ಕಣ್ತುಂಬ ಸಿಕ್ಕಿತ್ತು. ಅಮ್ಮನ ಮುಖ ಸಿಗಲಿಲ್ಲವೆಂದು ಅವನೊಡನೆ ಮಾತು ಬಿಟ್ಟವಳಿಗೆ ಅದಕ್ಕೇ ನಾಚಿಕೆಯಾಯಿತು.

ಹೊಲದಲ್ಲಿ ಮಣ್ಣು ಮಾಡಿ ಗಂಡಸರು ವಾಪಸು ಬಂದು ಕಾಲು ತೊಳೆದುಕೊಂಡರು. ಹೆಣ ಮಲಗಿಸಿದ್ದ ಜಾಗ ಸಾರಿಸಿ, ಎಣ್ಣೆ ದೀಪ ಹಚ್ಚಿ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟರು. ಕರೆಂಟು ಇನ್ನೂ ಬಂದಿರಲಿಲ್ಲ. ಇಡೀ ದಿನ ಫ್ಯಾನು ತಿರುಗಿತ್ತು, ಬಂದವರೆಲ್ಲ ಫೋನು ಚಾರ್ಜಿಗೆ ಹಾಕಿದ್ದರು. ಬ್ಯಾಟರಿಗೆ ಬಿಸಿಲು ಒಂದು ಹನಿಯೂ ಬಂದಿರಲಿಲ್ಲ.

"ಮುಗೀತಾ ಬಂತು ಕವಿತ," ಎಂದಿತು ಮೂಲೆಯ ದನಿ. "ಆಫ್ ಮಾಡ್ಲಾ?"

ಕವಿತ ದೀಪ ದಾಟಿ ಮೇಜಿನ ಹತ್ತಿರ ಹೋದಳು.

"ಬೇಡ ರೀ," ಎಂದಳು. ಇನ್ನೂ ಗಟ್ಟಿಯಾಗಿ, "ಬೇಡ ರೀ, ಇರಿ. ನಾನು ಮಾತಾಡ್ತೀನಿ. ಇರಿ..."

ಪರದೆ ಆರಿತು. ಫ್ಯಾನು ನಿಧಾನವಾಗಿ ನಿಂತಿತು. ಆಗ ಕವಿತ ಅತ್ತಳು, ಊರೆಲ್ಲ ಕೇಳುವ ಹಾಗೆ.

"ಅಳ್ಲಿ ಬಿಡಿ," ಎಂದು ಕದಿರಮ್ಮ ಬಾಗಿಲ ಕಡೆಯವರಿಗೆ ಕೈ ಮಾಡಿದಳು. ಆಮೇಲೆ ಮೆಲ್ಲಗೆ, "ಹೇಳಿದ್ದಾಯ್ತಲ್ಲಮ್ಮ. ಇನ್ನು ರಮೇಶ ವೈರು ಕೀಳ್ಲಿ. ಬಿಟ್ಕೊಡು ಅವನ್ನ," ಎಂದಳು.

ಕವಿತ ಕಣ್ಣೊರೆಸಿಕೊಂಡು, ಯಾರಿಗೂ ಏನೂ ಹೇಳದೆ, ಅಡುಗೆಮನೆಯ ಕುಡುಗೋಲು ತೆಗೆದುಕೊಂಡು ತಾರಸಿಯ ಮೆಟ್ಟಿಲು ಹತ್ತಿದಳು. ರಮೇಶ್‌ಬಾಬು ಗಾಬರಿಯಿಂದ ಹಿಂದೆ ಓಡಿದ.

"ಅತ್ತಿಗೆ, ಈ ಕತ್ತಲಲ್ಲಿ ಎಲ್ಲಿಗೆ?"

"ಏನ್ ಅಡ್ಡ ಬಂತು ನೋಡು ಅಂದ್ರಲ್ಲ," ಎಂದಳು.

ಅವನು ಮೇಲೆ ಬರುವಷ್ಟರಲ್ಲಿ ಹಗ್ಗ ಕುಯ್ದಾಗಿತ್ತು. ಶಾಮಿಯಾನ ಅಂಗಳಕ್ಕೆ ಕುಸಿದು ಬಿದ್ದು, ಕೆಳಗೆ ಯಾರೋ ಕೂಗಿಕೊಂಡರು. ಸೂರ್ಯ ಮುಳುಗಿ ಎಷ್ಟೋ ಹೊತ್ತಾಗಿತ್ತು. ಕವಿತ ಮೊಣಕಾಲೂರಿ ಕುಳಿತು, ಸೆರಗಿನಿಂದ ಪ್ಯಾನೆಲ್ಲಿನ ಗಾಜನ್ನು ಮೂಲೆ ಬಿಡದಂತೆ ಒರೆಸುತ್ತಿದ್ದಳು.